ಸೋಬಾನೆಯ ಬೆನ್ನಿಗೆ ಬಂದ ‘ಸುಮ್ಕಿರು’

ಪಾವಗಡ ತಾಲ್ಲೂಕಿನ ತಿರುಮಣಿಯಲ್ಲಿ ಇನ್ನೂ ಸೂರ್ಯ ಹುಟ್ಟಿಲ್ಲ. ಬಯಲು ಪೂರ್ತಿ ಹಾಸಿಕೊಂಡಿರುವ ಸೋಲಾರ್ ಫಲಕಗಳ ನಡುವೆ ಕದಿರಯ್ಯ ನೀರಿನ ಪೈಪನ್ನು ಹೆಗಲಿಗೆ ಹಾಕಿಕೊಂಡು ನಡೆಯುತ್ತಿದ್ದಾರೆ. ಇನ್ನೊಂದು ಕೈಯಲ್ಲಿ ಉದ್ದನೆಯ ಕೋಲು, ಅದರ ತುದಿಗೆ ಅಗಲವಾದ ಬ್ರಷ್ಷು. ಬಿಸಿಲೇರಿ ಗಾಜು ಕಾಯುವ ಮೊದಲೇ ರಾತ್ರಿಯ ಧೂಳನ್ನೆಲ್ಲ ತೊಳೆದು ಮುಗಿಸಬೇಕು. ತಲೆಗೆ ಕಟ್ಟಿದ ಟವೆಲ್ಲಿನ ಅಡಿಯಿಂದ ನರೆತ ಜಡೆಯೊಂದು ಬೆನ್ನಿಗೆ ಇಳಿಬಿದ್ದಿದೆ.

"ಏಮಪ್ಪಾ ಕದಿರಣ್ಣಾ, ಈ ಕೂದ್ಲು ಯಾವ ದೇವ್ರ ಹರಕೆ? ಕೊಟ್ಟಾದ್ರೂ ಬರಬಾರ್ದಾ?" ಪಕ್ಕದ ಸಾಲಿನಲ್ಲಿ ಗಾಜು ಒರೆಸುತ್ತಿರುವ ಓಬಳಮ್ಮ ಕೆಣಕುತ್ತಾರೆ. ತಿರುಮಣಿಯವರೇ ಆದ ಅವರ ಮಾತಿನಲ್ಲಿ ತೆಲುಗು ಕನ್ನಡ ಎರಡೂ ಒಟ್ಟೊಟ್ಟಿಗೇ ಬರುತ್ತವೆ.

"ಹರಕೆ ಅಲ್ಲ ಕಣಮ್ಮ. ಒಂದ್ ಕಾಲ್ದಾಗೆ ಇದೇ ನಮ್ ಯೂನಿಫಾರಂ" ಎನ್ನುತ್ತಾರೆ ಕದಿರಯ್ಯ, ಕೈ ನಿಲ್ಲಿಸದೆ.

ಸುಳ್ಳಲ್ಲ. ಮಧುಗಿರಿಯ ‘ಥಂಡರ್ ಕಿಂಗ್ಸ್’ ಅಂದರೆ ಆಗ ಸುತ್ತಲಿನ ತಾಲ್ಲೂಕುಗಳಲ್ಲಿ ಗೊತ್ತಿಲ್ಲದವರಿಲ್ಲ. ಹಳ್ಳಿಯವರ ಬಾಯಲ್ಲಿ ಅದು ‘ಸಿಡಿಲು ಪಾರ್ಟಿ’. ಗಣೇಶನ ಪೆಂಡಾಲಿಗೆ ಇವರು ಬಂದರೆಂದರೆ ಮೊದಲು ಸೌಂಡ್ ಬಾಕ್ಸು ಇಳಿಯುತ್ತಿತ್ತು, ಆಮೇಲೆ ಹೊಗೆ, ಆಮೇಲೆ ಇವರು. ಮೈತುಂಬ ಚಮಕಿ ಹೊಲಿಸಿದ ಅಂಗಿ, ಭುಜ ದಾಟಿದ ಕೂದಲು, ಎತ್ತರದ ಹಿಮ್ಮಡಿಯ ಬೂಟು, ಗಂಡಸರ ಕಣ್ಣಿಗೆ ಢಾಳಾಗಿ ಕಾಡಿಗೆ! ಕದಿರಯ್ಯನವರದು ಎಲೆಕ್ಟ್ರಿಕ್ ಗಿಟಾರು. ಹಾಡುತ್ತಿದ್ದವರು ಅವರ ಬಾಲ್ಯದ ಗೆಳೆಯ ನರಸಿಂಹರಾಜು. ಸಿನಿಮಾ ಹಾಡು ಹೇಳಿ ಎಂದು ಜನ ಕೂಗಿದರೂ ಇವರು ತಾವೇ ಕಟ್ಟಿದ ಅಬ್ಬರದ ಹಾಡುಗಳನ್ನು ನಡುವೆ ತುರುಕದೆ ಬಿಡುತ್ತಿರಲಿಲ್ಲ. ಬೈಯುತ್ತಲೇ ಜನ ಕುಣಿಯುತ್ತಿದ್ದರಂತೆ.

"ನಮ್ ರಾಜ ಒಂದ್ ಕೂಗು ಹಾಕುದ್ರೆ ಹಟ್ಟಿ ಕಡೆ ದನ ಹಗ್ಗ ಕಿತ್ಕಳವು ಸಾರ್" ಎಂದು ಕದಿರಯ್ಯ ನಗುತ್ತಾರೆ. ನಕ್ಕವರು ಬ್ರಷ್ಷನ್ನು ಮುಂದಿನ ಗಾಜಿಗೆ ಎತ್ತುತ್ತಾರೆ. ಎರಡು ವರ್ಷದ ಹಿಂದೆ ನರಸಿಂಹರಾಜು ಅವರಿಗೆ ಗಂಟಲಿನ ಕ್ಯಾನ್ಸರ್ ಆಯಿತು. ಆಪರೇಷನ್ನಿನಲ್ಲಿ ಜೀವ ಉಳಿಯಿತು, ದನಿ ಉಳಿಯಲಿಲ್ಲ.

ನಾನು ತಿರುಮಣಿಗೆ ಬಂದಿದ್ದು ಸಿಡಿಲು ಪಾರ್ಟಿಯ ವೈಭವ ಬರೆದುಕೊಳ್ಳಲಿಕ್ಕೆ. ಕದಿರಯ್ಯನವರಿಗೆ ಆ ವೈಭವದಲ್ಲಿ ಏನೇನೂ ಆಸಕ್ತಿಯಿಲ್ಲ. ಅವರು ಮಾತಾಡುವುದೆಲ್ಲ ಪಾರ್ಟಿಯ ಕಟ್ಟಕಡೆಯ ಕ್ಯಾಸೆಟ್ಟಿನ ಬಗ್ಗೆ. ಅದರ ಹೆಸರು ‘ಸುಮ್ಕಿರು’.

ಊರೂರಿಗೆ ಡಿಜೆ ಬಂದು, ಪೆಂಡಾಲಿನವರು ಇವರನ್ನು ಕರೆಯುವುದನ್ನು ಬಿಟ್ಟಿದ್ದ ಕಾಲ ಅದು. ವಯಸ್ಸೂ ನಲವತ್ತರ ಹತ್ತಿರ. ಪಾರ್ಟಿ ಮುಚ್ಚುವ ಮುಂಚೆ ನಮ್ಮದೇ ಹಾಡುಗಳ ಒಂದು ಕ್ಯಾಸೆಟ್ಟು ಬಿಟ್ಟುಹೋಗೋಣ ಅಂತ ಗೆಳೆಯರಿಬ್ಬರೂ ಬೆಂಗಳೂರಿನ ಸಣ್ಣ ಸ್ಟುಡಿಯೋ ಒಂದಕ್ಕೆ ಹೋದರು. ಎಲ್ಲರ ಕ್ಯಾಸೆಟ್ಟಿನಂತೆ ಇರಬಾರದು ಅಂತ ಕೆಂಪು ಪ್ಲಾಸ್ಟಿಕ್ಕಿನದನ್ನೇ ಆರಿಸಿದರು. ಹಾಡುಗಳೂ ಹಾಗೆಯೇ, ಹಳೆಯ ಸಿಡಿಲಿನವಲ್ಲ. ಕಡೆಯ ಹಾಡಿನಲ್ಲಂತೂ ಡ್ರಮ್ಮಿಲ್ಲ, ಕೂಗಿಲ್ಲ. ಗಿಟಾರಿನ ಜೊತೆ ನರಸಿಂಹರಾಜು ಮೆಲ್ಲಗೆ ಹಾಡುತ್ತಾರೆ, ಅಳುವವರನ್ನು ಸಮಾಧಾನ ಮಾಡುವ ಹಾಗೆ. ಆ ಹಾಡಿನ ಹೆಸರನ್ನೇ ಕ್ಯಾಸೆಟ್ಟಿಗೂ ಇಟ್ಟರು.

ಎಡವಟ್ಟಾಗಿದ್ದು ಅಲ್ಲೇ. ನಮ್ಮ ಕಡೆ ‘ಸುಮ್ಕಿರು’ ಅನ್ನುವ ಮಾತಿಗೆ ಎರಡು ಮುಖ. ಗದರಿಸಿದರೆ ಬಾಯಿಮುಚ್ಚು ಅಂತ, ಬೆನ್ನು ಸವರಿ ಹೇಳಿದರೆ ಅಳಬೇಡ, ನಾನಿದೀನಿ ಅಂತ. ಕಾಗದದ ಮೇಲೆ ಬೆನ್ನು ಸವರುವುದು ಹೇಗೆ? ಕವರಿನ ಮೇಲೆ ಅದೇ ಕಾಡಿಗೆ ಕಣ್ಣು, ಅದೇ ಚಮಕಿ ಅಂಗಿ, ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಸುಮ್ಕಿರು’. ನೋಡಿದವರೆಲ್ಲ ಗದರಿಕೆ ಎಂದೇ ಓದಿಕೊಂಡರು. "ಇಷ್ಟ್ ವರ್ಷ ಕಿವಿ ತೂತು ಮಾಡಿ, ಈಗ ನಮ್ಗೇ ಸುಮ್ಕಿರು ಅಂತೀರೇನ್ರಯ್ಯ?" ಎಂದು ಶಿರಾದ ಅಂಗಡಿಯವನೊಬ್ಬ ಕಟ್ಟನ್ನು ಬಿಚ್ಚದೆಯೇ ವಾಪಸು ಕೊಟ್ಟನಂತೆ. ಮಿಕ್ಕವರೂ ಹೆಚ್ಚುಕಮ್ಮಿ ಅದನ್ನೇ ಮಾಡಿದರು.

ಆಮೇಲೆ ಕದಿರಯ್ಯ ಮಾಡಿದ್ದು ಇನ್ನೊಂದು ಎಡವಟ್ಟು. ಮನೆಯಲ್ಲಿ ಬಿದ್ದಿದ್ದ ಕ್ಯಾಸೆಟ್ಟುಗಳನ್ನು ಬೈಕಿಗೆ ಕಟ್ಟಿಕೊಂಡು ಊರೂರಿನಲ್ಲಿ ಪುಕ್ಕಟೆ ಹಂಚಿದರು. ಹಂಚುವಾಗ ಒಂದು ಉಪಕಾರವನ್ನೂ ಮಾಡಿದರು. ಹಾಡು ತುಂಬಿದ ಕ್ಯಾಸೆಟ್ಟಿನ ಮೇಲಂಚಿನಲ್ಲಿ ಸಣ್ಣ ತೂತುಗಳಿರುತ್ತವೆ. ಅವಿರುವವರೆಗೆ ಅದರ ಮೇಲೆ ಬೇರೇನೂ ರೆಕಾರ್ಡ್ ಆಗುವುದಿಲ್ಲ.

"ಆ ತೂತಿಗೆ ಕಾಗದದ ಉಂಡೆ ತುರ್ಕಿ, ನಿಮ್ಗೆ ಬೇಕಾದ್ದು ತುಂಬಿಸ್ಕಳಿ ಅಂತ ನಾನೇ ಹೇಳ್ಕೊಟ್ಟೆ ಸಾರ್. ತುರ್ಕಿ ತೋರ್ಸುದ್ದೂ ನಾನೇ. ಯಾರೂ ಕೇಳ್ದಿರೋ ಹಾಡು ಇದ್ರೇನು, ಹೋದ್ರೇನು ಅಂದ್ಕಂಡ್ಬುಟ್ಟೆ."

ಜನ ಹೇಳಿದ ಮಾತು ಕೇಳಿದರು. ಸಿಡಿಲು ಪಾರ್ಟಿಯ ಹಾಡಿನ ಮೇಲೆ ಭಜನೆ ಬಂತು, ಹರಿಕಥೆ ಬಂತು, ಮಕ್ಕಳ ಬಾಯಿಪಾಠ ಬಂತು. ಕದಿರಯ್ಯ ಉಳಿಸಿಕೊಂಡಿದ್ದ ಒಂದೇ ಪ್ರತಿ ಟೇಪ್ ರೆಕಾರ್ಡರಿನೊಳಗೆ ಸಿಕ್ಕಿ ಹರಿಯಿತು. ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಹೋಗಲಿ ಎಂದು ಬಿಟ್ಟುಬಿಡಬಹುದಿತ್ತು. ಬಿಡದಂತೆ ಮಾಡಿದ್ದು ನರಸಿಂಹರಾಜು ಅವರ ಹೆಂಡತಿ ರಾಜಲಕ್ಷ್ಮಮ್ಮ. ಆಪರೇಷನ್ ಆದ ಮೇಲೆ ಒಂದು ದಿನ ಅವರು ಕದಿರಯ್ಯನವರನ್ನು ಮನೆ ಜಗಲಿಯ ಮೇಲೆ ಕೂರಿಸಿಕೊಂಡು ಕೇಳಿದರು. ಅವರ ಮೊಬೈಲಿನಲ್ಲಿ ಗಂಡನ ದನಿ ಇರುವುದು ಒಂದೇ ಕಡೆ, ಗ್ಯಾಸ್ ಸಿಲಿಂಡರ್ ಬಂತಾ ಎಂದು ಕೇಳುವ ಒಂದು ವಾಯ್ಸ್ ಮೆಸೇಜಿನಲ್ಲಿ. ಸ್ಟೇಜಿನ ವಿಡಿಯೋ ಒಂದೆರಡು ಯಾರ ಬಳಿಯೋ ಇವೆ. "ಅದು ಸ್ಟೇಜ್ ಮ್ಯಾಗಳ ಗಂಟ್ಲು ಕದಿರಣ್ಣ. ಮನೇಲಿ ನನ್ ಕುಟ್ಟೆ ಮಾತಾಡ್ತಿದ್ ಗಂಟ್ಲು ಆ ಕಡೇ ಹಾಡ್ನಾಗೇ ಇದ್ದುದ್ದು. ಅದೊಂದ್ ಹುಡುಕ್ಕೊಡು" ಎಂದರಂತೆ.

ಅಂದಿನಿಂದ ಕದಿರಯ್ಯನವರಿಗೆ ಎರಡು ಕೆಲಸ. ಬೆಳಗಿನ ಜಾವ ಫಲಕ ತೊಳೆಯುವುದು, ಮಿಕ್ಕ ಹೊತ್ತಿನಲ್ಲಿ ಕೆಂಪು ಕ್ಯಾಸೆಟ್ಟು ಹುಡುಕುವುದು. ಕೊರಟಗೆರೆಯ ಒಂದು ಮನೆಯಲ್ಲಿ ಹರಿಕಥೆ ಮುಗಿದ ಮೇಲೆ ಇವರ ಗಿಟಾರು ಒಂದಿಷ್ಟು ಕೇಳಿಸಿತು. ಮಧುಗಿರಿಯಲ್ಲೇ ಒಂದು ಕಡೆ ಅರ್ಧ ಹಾಡು ಸಿಕ್ಕಿತು. ಸಿಕ್ಕಿದ್ದನ್ನೆಲ್ಲ ಫೋನಿಗೆ ಇಳಿಸಿಕೊಂಡಿದ್ದಾರೆ. ಕಡೆಯ ಹಾಡು ಮಾತ್ರ ಎಲ್ಲೂ ಇಲ್ಲ. ನಾನು ಹೋದ ದಿನ ಓಬಳಮ್ಮ ಒರೆಸುವ ಬಟ್ಟೆ ಹಿಂಡುತ್ತಾ ಒಂದು ಸುದ್ದಿ ಕೊಡುತ್ತಾರೆ. "ನಮ್ ದೂರದ್ ನಾದಿನಿ ಮಾರಕ್ಕನ್ ಮನೇಲಿ ಕೆಂಪುಂದು ಒಂದೈತಂತೆ ಅಣ್ಣಾ. ಹುಲಿಕುಂಟೇಲಿ. ಯಾರ್ಗೂ ಮುಟ್ಟಾಕ್ ಬುಡಲ್ವಂತೆ."

ಕೆಲಸ ಮುಗಿಯುತ್ತಿದ್ದಂತೆ ಕದಿರಯ್ಯ ಬೈಕ್ ತೆಗೆಯುತ್ತಾರೆ. ನಾನು ಹಿಂದೆ ಕೂರುತ್ತೇನೆ. ಪಾವಗಡ ದಾಟಿ ಶಿರಾ ದಾರಿ ಹಿಡಿಯುತ್ತೇವೆ.

ಹುಲಿಕುಂಟೆಯ ಮಾರಕ್ಕ ಅಂಗಳದಲ್ಲಿ ಕುರಿಗಳಿಗೆ ನೀರಿಡುತ್ತಿದ್ದಾರೆ. ಬಂದ ವಿಷಯ ಹೇಳುತ್ತಿದ್ದಂತೆ ಅವರ ಮುಖ ಬಿಗಿಯುತ್ತದೆ. ಆ ಕ್ಯಾಸೆಟ್ಟಿನಲ್ಲಿರುವುದು ಅವರ ತಾಯಿ ಚಿಕ್ಕಹನುಮಕ್ಕನ ದನಿ. ಮಾರಕ್ಕನ ಮದುವೆಯಲ್ಲಿ ಆ ತಾಯಿ ಹಾಡಿದ ಸೋಬಾನೆ ಪದಗಳನ್ನು ಅಣ್ಣ ಅದರಲ್ಲಿ ತುಂಬಿಕೊಂಡಿದ್ದ. ಮರುವರ್ಷವೇ ತಾಯಿ ಹೋದರು.

"ವರ್ಸಕ್ಕೊಂದ್ ಸಾರಿ, ಅಮ್ಮಂಗೆ ಎಡೆ ಇಕ್ಕೋ ದಿನ ಮಾತ್ರ ಹಾಕದು ಕಣಣ್ಣ. ಸವುದು ಹೋದ್ರೆ ಎಲ್ಲಿಂದ ತರಾನ?" ಎನ್ನುತ್ತಾರೆ ಮಾರಕ್ಕ.

ಕದಿರಯ್ಯ ಒತ್ತಾಯ ಮಾಡುವುದಿಲ್ಲ. ಜಗಲಿಯ ಅಂಚಿಗೆ ಕೂತು, ಗೆಳೆಯನ ಗಂಟಲಿನ ವಿಷಯ ಹೇಳುತ್ತಾರೆ, ರಾಜಲಕ್ಷ್ಮಮ್ಮ ಕೇಳಿದ್ದನ್ನು ಹೇಳುತ್ತಾರೆ. "ನಿಮ್ಮಮ್ಮನ್ ದನಿ ನಿನ್ಗೆ ಹೆಂಗೋ, ಆ ಯಮ್ಮಂಗೆ ಗಂಡನ್ ದನಿ ಅಂಗೆ ತಾಯಿ. ನಾನು ಮುಟ್ಟಾಕಿಲ್ಲ. ಹಾಕಂಗಿದ್ರೆ ನೀನೇ ಹಾಕು. ಬ್ಯಾಡ ಅಂದ್ರೆ ನೀರ್ ಕುಡುದು ಹೋಯ್ತೀನಿ."

ಮಾರಕ್ಕ ಒಳಗೆ ಹೋಗುತ್ತಾರೆ. ಎಷ್ಟು ಹೊತ್ತಾದರೂ ಬರುವುದಿಲ್ಲ. ಮುಗಿಯಿತು ಕಥೆ ಎಂದುಕೊಳ್ಳುತ್ತೇನೆ. ಕಡೆಗೆ ಬಂದಾಗ ಕೈಕಾಲು ಮುಖ ತೊಳೆದಿದ್ದಾರೆ, ಕಂಕುಳಲ್ಲಿ ಟೇಪ್ ರೆಕಾರ್ಡರ್ ಇದೆ. ತಾವೇ ಗುಂಡಿ ಒತ್ತುತ್ತಾರೆ. ಕದಿರಯ್ಯ ಪಕ್ಕದಲ್ಲಿ ಫೋನು ಹಿಡಿದು ರೆಕಾರ್ಡ್ ಒತ್ತುತ್ತಾರೆ.

ಮೊದಲು ಚಿಕ್ಕಹನುಮಕ್ಕ. ಒಡೆದ, ಗಟ್ಟಿಯಾದ, ಸಂಕೋಚವಿಲ್ಲದ ದನಿ. ಮದುಮಗಳನ್ನು ಹೊಗಳಿ, ಬೀಗರನ್ನು ಛೇಡಿಸಿ, ನಡುವೆ ತಾವೇ ನಕ್ಕು, ಪದದ ಮೇಲೆ ಪದ. ಹಿಂದೆ ಹೆಂಗಸರ ಸೊಲ್ಲು. ಆಮೇಲೊಂದು ಕೆಮ್ಮು. "ಸಾಕ್ ಬುಡ್ಲಾ, ಗಂಟ್ಲು ಒಣಗ್ತು." ಟಕ್ಕೆಂದು ಸದ್ದಾಗುತ್ತದೆ. ಕದಿರಯ್ಯ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹಾಡಿನ ಸಾಲೊಂದರ ನಡುವಿನಿಂದ ಗಂಡಸಿನ ದನಿಯೊಂದು ಎದ್ದುಬರುತ್ತದೆ. "...ದೀಪ ಇನ್ನೂ ಆರಿಲ್ಲ, ಸುಮ್ಕಿರು ಜೀವವೇ, ನಾ ಇಲ್ಲೇ ಇವ್ನಿ, ಸುಮ್ಕಿರು." ಹಿಂದೆ ಒಂದೇ ಒಂದು ಗಿಟಾರು. ಹಾಡಿನ ಮೊದಲ ಅರ್ಧ ಸೋಬಾನೆಯ ಅಡಿಗೆ ಹೋಗಿದೆ, ಉಳಿದರ್ಧ ಪೂರ್ತಿ ಇದೆ. ಕದಿರಯ್ಯನವರ ಗಡ್ಡ ತೋಯುತ್ತದೆ. ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿಲ್ಲ. ನಾನೂ ಅತ್ತೆ, ಅದರಲ್ಲಿ ಮುಚ್ಚಿಡುವುದೇನಿದೆ.

ಮಾರಕ್ಕ ಮಾತ್ರ ನಮ್ಮನ್ನು ಅಚ್ಚರಿಯಿಂದ ನೋಡುತ್ತಿದ್ದಾರೆ. "ಈ ಅಣ್ಣ ನಿಮ್ಮೋರಾ?" ಎನ್ನುತ್ತಾರೆ. "ಅಮ್ಮನ್ ಪದ ಮುಗುದ್ ಮ್ಯಾಕೆ ನಾವೆಲ್ಲ ಅಳ್ತಾ ಕುಂತಿರ್ತೀವಿ. ಆಗ ಈ ಅಣ್ಣ ಬತ್ತಾನೆ, ಸುಮ್ಕಿರು ಅಂತಾನೆ. ಅಮ್ಮನೇ ಯಾರ್ನೋ ಕಳ್ಸವ್ಳೆ ಅಂತ ಮಾತಾಡ್ಕತಿದ್ವಿ. ಇಲ್ಲೀಗಂಟ ಒಂದ್ ವರ್ಸಾನೂ ನಡುಮಧ್ಯ ನಿಲ್ಸಿಲ್ಲ ಕಣಣ್ಣ."

ಗದರಿಕೆ ಎಂದುಕೊಂಡು ಇಡೀ ಸೀಮೆ ವಾಪಸು ಕೊಟ್ಟ ಮಾತನ್ನು ಈ ಒಂದು ಮನೆ ಸರಿಯಾಗಿ ಕೇಳಿಸಿಕೊಂಡಿದೆ. ಹಾಡಿದವನ ಹೆಸರೂ ಅವರಿಗೆ ಗೊತ್ತಿಲ್ಲ.

ಮಧ್ಯಾಹ್ನ ಮಧುಗಿರಿ. ನರಸಿಂಹರಾಜು ಕತ್ತಿಗೆ ಬಿಳಿ ಬಟ್ಟೆ ಸುತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದಾರೆ. ರಾಜಲಕ್ಷ್ಮಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ಫೋನನ್ನು ಕಿವಿಗೆ ಹಿಡಿದು ಕೇಳುತ್ತಾರೆ. ಒಂದು ಸಲ, ಇನ್ನೊಂದು ಸಲ. "ಇದೇ ಕದಿರಣ್ಣ. ಇದೇಯ" ಎನ್ನುತ್ತಾರೆ. ಫೋನನ್ನು ಗಂಡನ ಕೈಗೆ ಕೊಟ್ಟು ಒಳಗೆ ಹೋದವರು ಅಡುಗೆಮನೆಯ ಗೋಡೆಗೆ ಹಣೆ ಕೊಟ್ಟು ನಿಂತಿರುವುದು ಇಲ್ಲಿಗೇ ಕಾಣುತ್ತದೆ.

ನರಸಿಂಹರಾಜು ತಮ್ಮ ದನಿ ಕೇಳುವಾಗ ಅಲುಗಾಡಲಿಲ್ಲ. ಕದಿರಯ್ಯ ಪಕ್ಕದಲ್ಲಿ ಕೂತು ಹುಲಿಕುಂಟೆಯ ಮನೆಯ ಸಂಗತಿ ಹೇಳಿದಾಗ, ಎಡೆಯ ದಿನದ ಅಳು ಹೇಳಿದಾಗ, ‘ಈ ಅಣ್ಣ ಬತ್ತಾನೆ, ಸುಮ್ಕಿರು ಅಂತಾನೆ’ ಎಂಬ ಮಾತು ಹೇಳಿದಾಗ ಅವರ ಎರಡೂ ಭುಜ ಕುಸಿದವು. ಸದ್ದಿಲ್ಲದ ಅಳು ನೋಡುವುದು ಬಲು ಕಷ್ಟ. ಆಮೇಲೆ ಅವರು ಗೆಳೆಯನ ಮೊಣಕೈ ಹಿಡಿದು ಏನೋ ತುಟಿ ಆಡಿಸುತ್ತಾರೆ. ನನಗೆ ತಿಳಿಯುವುದಿಲ್ಲ, ಕದಿರಯ್ಯನವರಿಗೆ ತಿಳಿಯುತ್ತದೆ.

"ಅಲ್ಲಿಗ್ ಹೋಗಾನ ಅಂತಾವ್ನೆ ಸಾರ್" ಎನ್ನುತ್ತಾರೆ. ಆಮೇಲೆ ಗೆಳೆಯನಿಗೆ, "ಕರ್ಕಂಡ್ ಹೋಯ್ತೀನಿ ಬುಡು. ಪಿತೃಪಕ್ಷದಾಗೆ, ಮಾರಕ್ಕನ್ ತಾಯ್ಗೆ ಎಡೆ ಇಕ್ಕೋ ದಿನ. ಇಬ್ರೂ ಜಗಲಿ ಮ್ಯಾಗೆ ಕುಂತ್ಕತೀವಿ. ಮೊದ್ಲು ಅವರಮ್ಮನ್ ಪದ ಪೂರಾ ಮುಗೀಲಿ. ಆಮ್ಯಾಕೆ ನಮ್ದು."