ಕಡೆಗೆ ಬರೆದ ಕಣ್ಣು

ಕೊಪ್ಪಳದ ಝರಾಕ್ಸ್ ಅಂಗಡಿಯಲ್ಲಿ ಕಾಮಿಕ್ಸ್ ಹುಚ್ಚಿನ ನಾನು, ಅಂಗಡಿಯ ಚಾಚಾ, ಕಿನ್ನಾಳದ ಗೊಂಬೆ ಮಾಡುವ ಮನೆಯ ಹುಡುಗಿ ಕೂತಿದ್ದೆವು. ತಾನೇ ಬರೆದ ಕಾಮಿಕ್ಸನ್ನು ಪುಸ್ತಕ ಮಾಡಿ ಮಾರುವ ಆಸೆ ಅವಳದು. ಪ್ರತಿ ತೆಗೆಸುವ ಮೊದಲು ನನಗೆ ತೋರಿಸಿದಳು.

"ಕಥಿ ಭಾಳ ಛಲೋ ಐತಿ ತಂಗಿ. ಆದ್ರ ಅಜ್ಜಿ ಸತ್ತಾಗೂ ಮೊಮ್ಮಗಳ ಕಣ್ಣು ನಗಾಕತ್ತಾವಲ್ಲ?"

ಅವಳು ನಾಲಿಗೆ ಕಚ್ಚಿಕೊಂಡಳು. "ಗೊಂಬಿಗೆ ಕಣ್ಣು ಕಡೀಗೆ ಬರೀತೀವ್ರಿ ಅಣ್ಣಾರ. ಇದಕ್ಕೂ ಹಂಗ, ಎಲ್ಲಾ ಕಣ್ಣು ಒಂದ ದಿನ ಕುಂತು ಬರದೆ."

"ಆವತ್ತು ಮನ್ಯಾಗ ಹೋಳಿಗಿ ಮಾಡಿದ್ರೇನ ಬೇಟಿ?" ಚಾಚಾ ನಕ್ಕರು.

ಅವಳು ನಗಲಿಲ್ಲ. ಹಾಳೆ ಸುತ್ತಿಕೊಂಡು ಹೋದಳು. ಇನ್ನು ಬರೆಯುವುದನ್ನೇ ಬಿಟ್ಟಾಳೆಂದು ನನಗೆ ಹೆದರಿಕೆಯಾಯಿತು.

ಮರುವಾರ ಬಂದಳು. ಹಳೆಯ ಕಣ್ಣುಗಳಿಗೆ ಬಿಳಿ ಬಣ್ಣ ಬಳಿದು, ಕಥೆ ಓದುತ್ತ ಓದುತ್ತ ಒಂದೊಂದಾಗಿ ಹೊಸದಾಗಿ ಬರೆದಿದ್ದಳು. ಚಾಚಾ ಮಷೀನು ಚಾಲೂ ಮಾಡಿದರು.