ಕಾರಣದ ಸಾಲು

ನಮ್ಮ ಮೇಡಂ ಅವರ ಕೈಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಚನ್ನಪಟ್ಟಣದಲ್ಲಿ ರೇಷ್ಮೆ ನೂಲು ತೆಗೆಯುವ ಮನೆಯಲ್ಲಿ ಹುಟ್ಟಿ, ಬಿಸಿನೀರಿನಲ್ಲಿ ಗೂಡು ಆಡಿಸುತ್ತಲೇ ಓದಿ ಎಂಜಿನಿಯರ್ ಆದವರು. ಕೆಲಸಕ್ಕೆ ಸೇರಿದ ಮೇಲೂ ಭಾನುವಾರ ಅಣ್ಣನ ಜೊತೆ ಬಾಣಲೆಗೆ ಕೈ ಹಾಕುತ್ತಿದ್ದರು. ಬೆರಳುಗಳು ಬೆಳ್ಳಗೆ, ನುಣ್ಣಗೆ ಸವೆದುಹೋಗಿದ್ದವು. ಹಾರೋಹಳ್ಳಿಯ ನಮ್ಮ ಕಂಪನಿಯ ಬಾಗಿಲಲ್ಲಿದ್ದ ಹಾಜರಿ ಯಂತ್ರ ಅವರನ್ನು ಒಂದು ದಿನವೂ ಗುರುತಿಸಲಿಲ್ಲ. ನಾವೆಲ್ಲ ಹೆಬ್ಬೆಟ್ಟು ಒತ್ತಿ ಒಳಗೆ ಹೋಗುವಾಗ ಅವರೊಬ್ಬರು ನಿಂತು ಸೆಕ್ಯುರಿಟಿಯವನ ಪುಸ್ತಕದಲ್ಲಿ ಸಹಿ ಮಾಡುತ್ತಿದ್ದರು.

ಮೇಡಂ ಸೇರಿ ನಾವು ಐದು ಜನ. ಗೂಡಿನಿಂದ ನೂಲು ಸುತ್ತುವ ರೇಷ್ಮೆ ರೀಲಿಂಗ್ ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ನೀರು ಎಷ್ಟು ಕಾಯಬೇಕು, ಚಕ್ರ ಎಷ್ಟು ಬೇಗ ತಿರುಗಬೇಕು ಎಂಬುದನ್ನೆಲ್ಲ ಅದೇ ತೀರ್ಮಾನಿಸುತ್ತದೆ. ಪ್ರೋಗ್ರಾಂನಲ್ಲಿ ಏನೇ ಬದಲಾಯಿಸಿದರೂ ಏನು ಬದಲಾಯಿಸಿದೆವು ಎಂದು ಒಂದು ಪುಟ್ಟ ಟಿಪ್ಪಣಿ ಬರೆದು ಸೇರಿಸಬೇಕು. ಅದಕ್ಕೆ ಕಮಿಟ್ ಮೆಸೇಜ್ ಎನ್ನುತ್ತಾರೆ. ಅವರು ನಮ್ಮ ಮುಖ್ಯಸ್ಥೆ, ಎಲ್ಲರ ಬಾಯಲ್ಲೂ ಮೇಡಂ. ದಿನಾ ಮಧ್ಯಾಹ್ನ ಮೂರಕ್ಕೆ ಆ ದಿನದ ಟಿಪ್ಪಣಿಗಳನ್ನೆಲ್ಲ ಓದುತ್ತಿದ್ದರು, ಒಂದನೇ ಕ್ಲಾಸಿನ ಮಕ್ಕಳ ಹಾಗೆ ಪ್ರತಿ ಪದದ ಕೆಳಗೆ ಬೆರಳಿಟ್ಟು, ತುಟಿ ಆಡಿಸಿಕೊಂಡು.

ನಾವು ಬರೆಯುತ್ತಿದ್ದ ಚೆಂದವನ್ನು ಕೇಳಬೇಡಿ. ಒಬ್ಬ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಕೂಗಾಡಿದಂತೆ ಬರೆಯುತ್ತಿದ್ದ. ಇನ್ನೊಬ್ಬ ಬರೀ ಒಂದು ಚುಕ್ಕಿ ಇಟ್ಟು ಕೈತೊಳೆದುಕೊಳ್ಳುತ್ತಿದ್ದ. ನಾನು ಏನೇ ಮಾಡಿದರೂ ‘ಸಣ್ಣ ಚೇಂಜ್’. ಮೇಡಂ ಓದಿ ನಿಟ್ಟುಸಿರು ಬಿಡುತ್ತಿದ್ದರೇ ಹೊರತು ಆಗಿನ್ನೂ ಬಿಗಿ ಮಾಡಿರಲಿಲ್ಲ.

ಬಿಗಿಯಾದದ್ದು ವಿರೂಪಾಕ್ಷಿಪುರದಿಂದ ಒಂದು ಫೋನ್ ಬಂದ ಮೇಲೆ. ಅಲ್ಲಿ ನೂಲು ತೆಗೆಯುವ ಹೆಂಗಸೊಬ್ಬಳು ನಮ್ಮ ಯಂತ್ರದಲ್ಲಿ ಎಳೆ ಕಿತ್ತುಹೋಗುತ್ತಿದೆ ಎಂದಳು. ನಾನೂ ಮೇಡಮ್ಮೂ ಬಸ್ಸು ಹತ್ತಿ ಹೋದೆವು. ಎರಡು ದಿನದ ಗೂಡು ಹಾಳಾಗಿ ನೆಲದ ಮೇಲೆ ರಾಶಿ ಬಿದ್ದಿತ್ತು. ಮೇಡಂ ನೀರಿಗೆ ಬೆರಳು ಅದ್ದಿ, ಒಸಿ ತಣ್ಣಗೈತೆ ಎಂದರು. ನೀರಿನ ಬಿಸಿಯನ್ನು ಇಳಿಸಿದ್ದವಳು ನಾನೇ. ಹಿಂದೆ ಯಾರೋ ಅದನ್ನು ಏರಿಸಿ ‘ಸರಿ ಮಾಡಿದೆ’ ಎಂದಷ್ಟೇ ಬರೆದಿದ್ದರು. ಯಾಕೆ ಎಂದು ಇರಲಿಲ್ಲ, ತಪ್ಪಿರಬೇಕೆಂದುಕೊಂಡು ಇಳಿಸಿದ್ದೆ.

ವಾಪಸ್ಸು ಬರುವಾಗ ಬಸ್ಸಿನುದ್ದಕ್ಕೂ ಆ ‘ಸರಿ ಮಾಡಿದೆ’ ಬರೆದವರನ್ನು ಬಾಯಿಗೆ ಬಂದಂತೆ ಬೈದೆ. ಮೇಡಂ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ಚನ್ನಪಟ್ಟಣ ಹತ್ತಿರವಾದಾಗ ಬ್ಯಾಗು ಹೆಗಲಿಗೇರಿಸಿಕೊಂಡು ಹೇಳಿದರು:

“ಅದ್ನ ಬರ್ದೋಳು ನಾನೇ ಕಣವ್ವ. ನಮ್ಮವ್ವ ತೀರ್ಕೊಂಡಿದ್ ವಾರ. ಯಾಕ್ ಏರುಸ್ದೆ ಅಂತ ಈಗ ನಂಗೇ ಗೊತ್ತಿಲ್ಲ.”

ಇಳಿದು ಹೋದರು. ಮರುದಿನವೇ ಒಂದು ತಪಾಸಣೆಯ ಪ್ರೋಗ್ರಾಂ ಬರೆದು ಕೂರಿಸಿದರು. ಟಿಪ್ಪಣಿಗಳೆಲ್ಲ ಇನ್ನು ಮೇಲೆ ಒಂದೇ ರೀತಿ, ಕನ್ನಡದಲ್ಲಿ. ಮೊದಲ ಸಾಲು ಯಾವ ಯಂತ್ರ, ಎರಡನೆಯದು ಏನು ಬದಲಾಯಿತು, ಮೂರನೆಯದು ‘ಕಾರಣ’. ಮೂರನೆಯ ಸಾಲು ಇಲ್ಲದಿದ್ದರೆ ನಮ್ಮ ಕೆಲಸ ವಾಪಸ್ಸು ಬಂದು ಪರದೆಯ ಮೇಲೆ ಅವರದೇ ಮಾತು ಮೂಡುತ್ತಿತ್ತು: ‘ಕಾರಣ ಬರ್ದಿಲ್ಲ. ನಾಳೆ ಓದೋರು ಯಾರ್ನ ಕೇಳ್ಬೇಕು?’

ಬೆನ್ನ ಹಿಂದೆ ನಾವು ಅವರನ್ನು ಕಾರಣದಮ್ಮ ಎಂದು ಆಡಿಕೊಂಡೆವು. ಒಮ್ಮೆ ಆಗಿನ ಮ್ಯಾನೇಜರ್ ಹೇಳಿದ ಬದಲಾವಣೆಗೆ ನಾನು ‘ಕಾರಣ: ಸಾರ್ ಹೇಳಿದರು’ ಎಂದು ಬರೆದೆ. ತಪಾಸಣೆ ಒಳಗೆ ಬಿಟ್ಟಿತು, ಮೇಡಂ ಬಿಡಲಿಲ್ಲ. “ಯಾರ್ ಹೇಳುದ್ರು ಅಂತ ನಾನ್ ಕೇಳ್ಲಿಲ್ಲ, ಯಾಕೆ ಅಂತ ಕೇಳ್ದೆ” ಎಂದರು. ಚನ್ನಪಟ್ಟಣದಲ್ಲಿ ಅವರು ಒಬ್ಬರೇ ಇರುತ್ತಿದ್ದರು. ಮನೆಯಲ್ಲಿ ಮಾತಾಡಲು ಯಾರೂ ಇಲ್ಲದವರಿಗೆ ಇಂಥ ಹುಚ್ಚೇ ಎಂದು ಆಗ ಮನಸ್ಸಿನಲ್ಲೇ ಅಂದುಕೊಂಡಿದ್ದೆ. ಅದನ್ನು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಒಬ್ಬೊಬ್ಬರಾಗಿ ಉಳಿದ ಮೂವರೂ ಬೇರೆ ಕಡೆ ಕೆಲಸ ಹಿಡಿದು ಹೋದರು. ಇದ್ದದ್ದು ಮೇಡಂ, ನಾನು ಇಬ್ಬರೇ. ಅವರು ಗೋಡೆಗೆ ಮುಖ ಮಾಡಿ ಒಬ್ಬರೇ ಉಣ್ಣುತ್ತಿದ್ದರು, ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ಎಷ್ಟೋ ತಿಂಗಳ ಮೇಲೆ ಒಂದು ದಿನ ನನ್ನ ಡಬ್ಬಿಯನ್ನು ಅವರ ಮೇಜಿಗೇ ಒಯ್ದೆ. ಅವರು ಚಟ್ನಿಯಲ್ಲಿ ಅರ್ಧ ನನ್ನ ಮುಚ್ಚಳಕ್ಕೆ ಹಾಕಿದರು. ಆ ಮೇಜಿಗೆ ನಾನು ಇನ್ನೂ ಮೊದಲೇ ಹೋಗಬಹುದಿತ್ತು.

ಒಂದು ಸೋಮವಾರ ಸೆಕ್ಯುರಿಟಿಯವನ ಪುಸ್ತಕದಲ್ಲಿ ಸಹಿ ಬೀಳಲಿಲ್ಲ. ಹತ್ತು ಗಂಟೆಗೆ ಅವರ ಅಣ್ಣ ಫೋನ್ ಮಾಡಿದರು, ಬೆಳಗ್ಗೆ ಎದೆನೋವು ಬಂದು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮೇಡಂ ಹೋಗಿಬಿಟ್ಟಿದ್ದರು. ಚನ್ನಪಟ್ಟಣಕ್ಕೆ ಹೋದೆ. ಅವರ ಅತ್ತಿಗೆ ನನ್ನ ಪಕ್ಕ ಬಂದು ಕೂತು, “ಅವ್ರು ಅಲ್ಲಿ ಏನ್ ಕೆಲ್ಸ ಮಾಡ್ತಿದ್ರವ್ವ?” ಎಂದು ಕೇಳಿದರು. ನಾವು ಬರೆದದ್ದನ್ನೆಲ್ಲ ಓದುತ್ತಿದ್ದರು ಎಂದೆ. ಅತ್ತಿಗೆ ತಲೆಯಾಡಿಸಿ ಎದ್ದುಹೋದರು.

ಆಮೇಲೆ ನಾನೊಬ್ಬಳೇ. ಆದರೆ ತಪಾಸಣೆ ಹಾಗೇ ಇತ್ತು. ಒಪ್ಪಿಕೊಳ್ಳುತ್ತೇನೆ, ಕೆಲವು ದಿನ ಬೇಕೆಂದೇ ಕಾರಣ ಬರೆಯದೆ ಕಳಿಸುತ್ತಿದ್ದೆ. ಆ ಸಾಲು ಮೂಡಲಿ ಎಂದು. ಇಡೀ ದಿನದಲ್ಲಿ ಆ ಕೋಣೆಯಲ್ಲಿ ನನ್ನನ್ನು ಮಾತಾಡಿಸುತ್ತಿದ್ದದ್ದು ಅದೊಂದೇ.

ಈ ವರ್ಷ ಹೊಸ ಮ್ಯಾನೇಜರ್ ಬಂದರು. ಎಲ್ಲ ಟಿಪ್ಪಣಿಗಳೂ ಇನ್ನು ಇಂಗ್ಲಿಷಿನಲ್ಲೇ, ಹೊಸ ನಮೂನೆಯಲ್ಲಿ ಇರಬೇಕು, ಆ ಹಳೆಯ ತಪಾಸಣೆ ತೆಗೆದುಹಾಕಿ ಎಂದರು. ಎರಡು ವಾರ ಸಬೂಬು ಹೇಳಿದೆ. ಕೊನೆಗೆ ಅಳಿಸಿದೆ. ಅಳಿಸಿದ್ದನ್ನು ಸೇರಿಸಲೂ ಒಂದು ಟಿಪ್ಪಣಿ ಬೇಕು, ಅದು ಸೇರುವವರೆಗೂ ತಪಾಸಣೆ ಇನ್ನೂ ಕೆಲಸ ಮಾಡುತ್ತಿರುತ್ತದೆ, ಆ ಟಿಪ್ಪಣಿಯನ್ನೂ ಅದೇ ಓದುತ್ತದೆ. ‘ಹಳೆಯ ತಪಾಸಣೆ ತೆಗೆದಿದೆ’ ಎಂದಷ್ಟೇ ಬರೆದು ಕಳಿಸಿದೆ. ವಾಪಸ್ಸು ಬಂತು. ಕಾರಣ ಬರ್ದಿಲ್ಲ. ನಾಳೆ ಓದೋರು ಯಾರ್ನ ಕೇಳ್ಬೇಕು?

‘ಕಾರಣ: ಮ್ಯಾನೇಜರ್ ಹೇಳಿದರು’ ಎಂದು ಬರೆದೆ. ತಪಾಸಣೆ ಅದನ್ನು ಒಳಗೆ ಬಿಡುತ್ತದೆಂದು ಗೊತ್ತಿತ್ತು. ಆದರೂ ಆ ಸಾಲನ್ನು ಅಳಿಸಿದೆ. ಆಮೇಲೆ ‘ಕಾರಣ: ಕೇಳುತ್ತಿದ್ದವರು ಈಗ ಇಲ್ಲ’ ಎಂದು ಬರೆದು ಕಳಿಸಿದೆ. ಸರಾಗವಾಗಿ ಸೇರಿಕೊಂಡಿತು.

ಅಲ್ಲಿಂದೀಚೆಗೆ ನನ್ನನ್ನು ಯಾಕೆ ಎಂದು ಯಾರೂ ಕೇಳಿಲ್ಲ. ಇಂಗ್ಲಿಷಿನಲ್ಲಿ ಬರೆದರೂ ಮೂರನೆಯ ಸಾಲು ಬಿಡುವುದಿಲ್ಲ. ಮೂರು ಗಂಟೆಗೆ ಪ್ರತಿ ಪದದ ಕೆಳಗೆ ಬೆರಳಿಟ್ಟು, ನಾನು ಬರೆದದ್ದನ್ನು ನಾನೇ ಓದುತ್ತೇನೆ.