ಸಹಿಯ ಕೆಳಗಿನ ವಿಳಾಸ

ಇವತ್ತು ಎರಡು ಮೆಷಿನ್ ಬಟ್ಟೆ ಒಗೆದು ಮಡಿಸಿದೆ. ಕರಿಬೇವಿನ ಕುಂಡವನ್ನು ಬಿಸಿಲಿನಿಂದ ಗೋಡೆಯ ಮಗ್ಗುಲಿಗೆ ಸರಿಸಿದೆ. ಹುರುಳಿಕಾಯಿ ನಾರು ತೆಗೆದು ಹೆಚ್ಚಿದೆ. ಹಾಲಿಗೆ ಹೆಪ್ಪು ಹಾಕಿದೆ. ದೊಡ್ಡಮ್ಮ ತೀರಿಕೊಂಡ ಮೇಲೆ ಅವರ ಮನೆಯಿಂದ ಬಂದ ಹಳೆಯ ಕಾಗದಗಳಲ್ಲಿ ಒಂಬತ್ತನ್ನು ಸ್ಕ್ಯಾನ್ ಮಾಡಿದೆ. ಬೀದಿಯ ತುದಿಯಲ್ಲಿರುವ, ನಮಗೆ ಬರುವ ಕಾಗದ ಹಾಕಿಹೋಗುವ ಅಂಚೆ ಡಬ್ಬಿಯ ಬೀಗ ಮಾತ್ರ ನಾನು ತೆಗೆಯಲಿಲ್ಲ. ಮೂರು ವಾರದಿಂದ ಆ ಕೆಲಸ ನನ್ನ ಗಂಡನದು.

ನಮ್ಮದು ಕಾಗದ ಬರೆಯುವ ಮನೆ. ತಾತ ಸ್ವಾತಂತ್ರ್ಯ ಚಳವಳಿಯ ಕಾಲದಲ್ಲಿ ದಿವಾನರ ಕಚೇರಿಗೆ ಬರೆದರು. ಅಪ್ಪ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರಕ್ಕೆ ಬರೆದರು. ನಾನು ಅಮೆರಿಕದ ಪೇರ್ಲ್ಯಾಂಡ್‌ಗೆ ಬಂದ ಮೇಲೂ ಚರಂಡಿ, ಸ್ಕೂಲ್ ಬಸ್ಸು, ಓಟು ಹಾಕುವ ಜಾಗ ಅಂತ ಬರೆಯುತ್ತಲೇ ಬಂದೆ. ಇದಕ್ಕೆಲ್ಲ ಮನೆಯಲ್ಲಿ ಎರಡು ಕಟ್ಟಳೆ. ಕಳಿಸುವ ಮೊದಲು ಮನೆಯವರಿಗೆ ಗಟ್ಟಿಯಾಗಿ ಓದಬೇಕು. ಸಹಿಯ ಕೆಳಗೆ ಬಾಗಿಲ ನಂಬರಿನ ಸಮೇತ ಪೂರ್ತಿ ವಿಳಾಸ ಹಾಕಬೇಕು. ಪೊಲೀಸರು ಮೈಸೂರಿನ ಮನೆಗೆ ಬಂದ ದಿನ ಅಪ್ಪ, "ಮನೆ ಹುಡುಕೋಕೆ ಕಷ್ಟ ಆಗ್ಲಿಲ್ಲ ತಾನೇ?" ಎಂದು ಇನ್ಸ್‌ಪೆಕ್ಟರನ್ನೇ ಕೇಳಿದರಂತೆ. ಅದನ್ನು ಹೇಳಿಕೊಂಡು ನಾವು ಎಷ್ಟು ಸಲ ನಕ್ಕಿದ್ದೇವೋ.

ನಮ್ಮ ಬೀದಿಯ ಮನೆಗಳಿಗೆ ಹುಲ್ಲು ಕತ್ತರಿಸಲು ಬರುತ್ತಿದ್ದವರೊಬ್ಬರನ್ನು ಶಾಲೆ ಬಿಡುವ ಹೊತ್ತಿನಲ್ಲಿ, ಅವರ ಮಗುವಿನ ಎದುರಿಗೇ, ವಲಸೆ ಇಲಾಖೆಯ ಅಧಿಕಾರಿಗಳು ಹಿಡಿದುಕೊಂಡು ಹೋದರು. ಆಸ್ಟಿನ್‌ನಲ್ಲಿ ಓದುತ್ತಿರುವ ನನ್ನ ಮಗಳು ಬಡಾವಣೆಯ ಆನ್‌ಲೈನ್ ಪುಟದಲ್ಲಿ ಅದರ ಬಗ್ಗೆ ಬರೆದಳು. ಹಾಕುವ ಮೊದಲು ಫೋನಿನಲ್ಲಿ ನನಗೆ ಓದಿದಳು. ಅಲ್ಲಿ ಹೆಸರಿದ್ದರೆ ಸಾಕು, ವಿಳಾಸ ಯಾರೂ ಕೇಳುವುದಿಲ್ಲ. ವಿಳಾಸ ಹಾಕು, ನಮ್ಮ ಮನೆಯದೇ ಹಾಕು ಎಂದವಳು ನಾನು.

ನಾಲ್ಕನೆಯ ದಿನ ಒಂದು ಲಕೋಟೆ ಬಂತು. ಕಳಿಸಿದವರ ಹೆಸರಿರಲಿಲ್ಲ. ಒಳಗೆ ಅವಳ ಬರಹದ ಪ್ರಿಂಟ್, ವಿಳಾಸದ ಸುತ್ತ ಕೆಂಪು ಗೆರೆ, ಅಷ್ಟೇ. ಮುಂದಿನ ವಾರ ನಮ್ಮ ಮನೆಯ ಮುಂಬಾಗಿಲಿನ ಫೋಟೋ ಬಂತು. ಅದರಲ್ಲಿ ನಾನು ಬಗ್ಗಿ ರಂಗೋಲಿ ಹಾಕುತ್ತಿದ್ದೆ. ನಾವು ಕರೆಸಿದ ಪೊಲೀಸಿನವರು ಮರ್ಯಾದೆಯಿಂದಲೇ ಎಲ್ಲ ಬರೆದುಕೊಂಡರು. ಬೆದರಿಕೆಯ ಮಾತು ಒಂದೂ ಇಲ್ಲವಲ್ಲ ಎಂದು ಹೇಳಿ ಹೋದರು. ಅಂದಿನಿಂದ ನಾನು ರಂಗೋಲಿಯನ್ನು ಒಳಗೆ, ದೇವರ ಮುಂದೆ ಹಾಕುತ್ತಿದ್ದೇನೆ.

ಈ ಬೆಳಿಗ್ಗೆ ಸ್ಕ್ಯಾನರಿನ ಮೇಲಿಟ್ಟ ಒಂಬತ್ತನೆಯದು ಅಮ್ಮನ ಇನ್‌ಲ್ಯಾಂಡ್ ಲೆಟರ್, ದೊಡ್ಡಮ್ಮನಿಗೆ ಬರೆದದ್ದು. ನಮ್ಮ ಮನೆಯಲ್ಲಿ ಅಮ್ಮ ಕಾಗದ ಬರೆದದ್ದನ್ನು ನಾನು ಕಂಡೇ ಇರಲಿಲ್ಲ. ನಿಂತಲ್ಲೇ ಓದಿ, ಕುರ್ಚಿ ಎಳೆದುಕೊಂಡು ಮತ್ತೆ ಓದಿದೆ.

ಮಧ್ಯಾಹ್ನ ಮಗಳು ಆಸ್ಟಿನ್‌ನಿಂದ ಡ್ರೈವ್ ಮಾಡಿಕೊಂಡು ಬಂದಳು. ಆ ಪುಟಕ್ಕೆ ಎರಡನೆಯ ಬರಹವನ್ನು ಬರೆದು ತಂದಿದ್ದಳು. ಊಟದ ಮೇಜಿನ ಹತ್ತಿರ ನಿಂತು ಓದಿದಳು. ಮೊದಲನೆಯದಕ್ಕಿಂತ ಚೆನ್ನಾಗಿತ್ತು, ಅದೇ ನನಗೆ ಸಂಕಟ. ಕೆಳಗೆ ನಮ್ಮ ವಿಳಾಸ ಹಾಗೇ ಇತ್ತು.

"ಇದನ್ನ ಕಳಿಸ್ಬೇಡ ಪುಟ್ಟಿ," ಎಂದೆ.

"ಅಮ್ಮಾ, ಯೂ ಟಾಟ್ ಮಿ ದಿಸ್."

"ಹೇಳಿಕೊಟ್ಟಿದ್ದು ತಪ್ಪಾಯ್ತು ಅಂತಾನೇ ಹೇಳ್ತಿರೋದು."

ನನ್ನ ಗಂಡ ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. "ನಿಮ್ಮ ವಂಶದವರಿಗೆ ಕಾಗದದ ಜೊತೆ ಗೂಗಲ್ ಮ್ಯಾಪೂ ಕೊಟ್ರೇನೇ ಸಮಾಧಾನ," ಎಂದರು. ಯಾರೂ ನಗಲಿಲ್ಲ. ಅವರೂ ನಗಿಸಲು ಹೇಳಿರಲಿಲ್ಲ.

ನಾನು ಅಮ್ಮನ ಕಾಗದ ತಂದೆ. ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಹಾಗಾಗಿ ನಾನೇ ಓದಿದೆ. "ಅಕ್ಕ, ಇವರು ವಿಳಾಸ ಬರೆಯುತ್ತಾರೆ, ಬಾಗಿಲು ತೆಗೆಯುವವಳು ನಾನು. ಮೊನ್ನೆ ಯಾರೋ ಇಬ್ಬರು ಎದುರು ಅಂಗಡಿಯಲ್ಲಿ ನಿಂತು ಮಗು ಯಾವ ಶಾಲೆಗೆ ಹೋಗುತ್ತದೆ ಎಂದು ವಿಚಾರಿಸಿದರಂತೆ. ಸ್ವಲ್ಪ ಕಾಲ ಇವಳನ್ನು ನಿನ್ನಲ್ಲಿ ಇಟ್ಟುಕೋ. ನಾಯಿಕೆಮ್ಮು ಎಂದು ಹೇಳಿ ಕಳಿಸುತ್ತೇನೆ."

"ಇವಳು ಅಂದ್ರೆ?" ಮಗಳು ಕೇಳಿದಳು.

"ನಾನು. ನಾಲ್ಕು ವರ್ಷ ನಂಗೆ. ದಾವಣಗೆರೆಯಲ್ಲಿ ದೊಡ್ಡಮ್ಮನ ಮನೇಲಿ ಒಂದು ವರ್ಷ ಇದ್ದೆ. ಮನೇಲಿ ಕೆಮ್ಮು, ಅದಕ್ಕೇ ಕಳಿಸಿದ್ರು ಅಂತ ಇವತ್ತಿನವರೆಗೂ ಅಂದ್ಕೊಂಡಿದ್ದೆ."

ಕೊನೆಯ ಎರಡು ಸಾಲು ಬಿಟ್ಟುಬಿಡಬಹುದಿತ್ತು, ಅವಳಿಗೆ ಗೊತ್ತಾಗುತ್ತಿರಲಿಲ್ಲ. ಆದರೆ ಅವಳಿಗೆ ಹೆದರಿಕೆಯಾಗಲಿ ಎಂದು ಅದನ್ನೂ ಓದಿದೆ. "ಇವರಿಗೆ ಇದೊಂದೂ ಹೇಳಿಲ್ಲ. ಹೇಳಿದರೆ ಬರೆಯುವುದನ್ನು ಬಿಡುವುದಿಲ್ಲ, ಮನೆ ಬಿಟ್ಟು ಬೇರೆಲ್ಲಾದರೂ ಇದ್ದುಕೊಂಡು ಬರೆಯುತ್ತಾರೆ."

ಮಗಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ತನಗೆ ಓದಲು ಬಾರದ ಅಕ್ಷರಗಳನ್ನು ನೋಡಿದಳು. ಹೆದರಿದಳು, ಅದು ಕಾಣುತ್ತಿತ್ತು. ನನ್ನ ಕೆಲಸವಾಯಿತು ಎಂದುಕೊಂಡು ಹಾಲು ಕಾಯಿಸಲು ಹೋದೆ. ಬರುವಷ್ಟರಲ್ಲಿ ಅವಳು ಪೇರ್ಲ್ಯಾಂಡ್‌ನ ನಮ್ಮ ವಿಳಾಸ ಅಳಿಸಿ ಆಸ್ಟಿನ್‌ನ ತನ್ನ ರೂಮಿನ ವಿಳಾಸ ಹಾಕಿದ್ದಳು. ಅಪಾರ್ಟ್‌ಮೆಂಟ್ ನಂಬರಿನ ಸಮೇತ.

"ಕಳಿಸಿದ್ಯಾ?"

"ಕಳಿಸ್ದೆ. ಅಲ್ಲಿ ಬಾಗಿಲು ತೆಗೆಯೋಳು ನಾನೊಬ್ಳೇ ಅಮ್ಮ."

ನನ್ನ ಗಂಡ ಲ್ಯಾಪ್‌ಟಾಪ್ ಮುಚ್ಚಿದರು. ಆ ಬಾಗಿಲಿಗೆ ಒಳಗಿನಿಂದ ಎಷ್ಟು ಚಿಲಕ ಎಂದು ಕೇಳಿದರು. ಒಂದು, ಎಂದಳು.

ಸಂಜೆ ಹುರುಳಿಕಾಯಿ ಪಲ್ಯ, ತಿಳಿಸಾರು, ಅನ್ನ. ಹಾಲು ಇನ್ನೂ ಹೆಪ್ಪುಗಟ್ಟಿರಲಿಲ್ಲ, ಅಂಗಡಿಯದನ್ನೇ ಬಡಿಸಿದೆ. ಅವಳು ಎರಡು ಸಲ ಹಾಕಿಸಿಕೊಂಡಳು, ನಾವಿಬ್ಬರೂ ಕಲಸಿದ ಅನ್ನವನ್ನು ಹಾಗೇ ಬಿಟ್ಟು ಎದ್ದೆವು. ಎಂಟೂವರೆಗೆ ಎಲ್ಲರಿಗಿಂತ ಮೊದಲು ಮಲಗಿದವಳು ಅವಳೇ.